ಭೂಪಟ ನೋಡಿ ಊರಿನ ವಾಯುಗುಣ ಊಹಿಸುವುದು ಹೇಗೆ?

ಕಂಡರಿಯದ ಊರೊಂದರಲ್ಲಿ ಸೆಖೆ ಎಷ್ಟು, ಮಳೆ ಎಷ್ಟು ಎಂಬುದನ್ನು ಅಲ್ಲಿಗೆ ಹೋಗದೆಯೇ ಬಹುಮಟ್ಟಿಗೆ ಸರಿಯಾಗಿ ಊಹಿಸಬಹುದು. ಇದಕ್ಕೆ ಭೂಮಿಯ ಎತ್ತರವನ್ನು ಬಣ್ಣಗಳಲ್ಲಿ ತೋರಿಸುವ, ಸಾಗರ ಪ್ರವಾಹಗಳ ಪುಟವೂ ಇರುವ ಶಾಲಾ ಅಟ್ಲಾಸ್ ಸಾಕು. ಉದಾಹರಣೆಗೆ ಪೆರು ದೇಶದ ರಾಜಧಾನಿ ಲಿಮಾವನ್ನು ತೆಗೆದುಕೊಳ್ಳೋಣ.

ಮೊದಲು ಅಕ್ಷಾಂಶವನ್ನು ಗುರುತಿಸಿಕೊಳ್ಳಿ. ಲಿಮಾ ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ 12 ಡಿಗ್ರಿಯಲ್ಲಿದೆ, ನಮ್ಮ ಮಂಗಳೂರು ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಎರಡಕ್ಕೂ ದೊರೆಯುವ ಬಿಸಿಲು ಹೆಚ್ಚುಕಡಿಮೆ ಒಂದೇ. ಆದರೆ ಋತುಗಳು ತಿರುವುಮುರುವಾಗಿರುವುದರಿಂದ ಲಿಮಾದಲ್ಲಿ ಬೇಸಿಗೆ ಬರುವುದು ಡಿಸೆಂಬರ್ ನಂತರ. ಇಷ್ಟಕ್ಕೇ ನಿಲ್ಲಿಸಿದರೆ ಲಿಮಾ ಇನ್ನೊಂದು ಮಂಗಳೂರು ಎಂದು ತೀರ್ಮಾನಿಸಬೇಕಾಗುತ್ತದೆ. ಅದು ಪೂರ್ತಿ ತಪ್ಪು.

ಎರಡನೆಯದು ಎತ್ತರ. ಸಾವಿರ ಮೀಟರ್ ಮೇಲೇರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಸಮಭಾಜಕ ವೃತ್ತದ ಪಕ್ಕದಲ್ಲೇ, 2,850 ಮೀಟರ್ ಎತ್ತರದಲ್ಲಿರುವ ಕ್ವಿಟೊ ನಗರದಲ್ಲಿ ವರ್ಷವಿಡೀ ತಂಪಿರುವುದು ಇದರಿಂದಲೇ. ಲಿಮಾ ಕರಾವಳಿಯ ಊರಾದ್ದರಿಂದ ಇಲ್ಲಿ ಕಳೆಯಬೇಕಾದದ್ದು ಅಷ್ಟೇನೂ ಇಲ್ಲ.

ಮೂರನೆಯದಾಗಿ ಸಮುದ್ರವನ್ನು ನೋಡಿ. ಅದು ಎಷ್ಟು ದೂರದಲ್ಲಿದೆ ಎಂಬುದರ ಜೊತೆಗೆ ಅದರ ನೀರು ಬಿಸಿಯೋ ತಣ್ಣಗೋ ಎಂಬುದನ್ನೂ ಗಮನಿಸಬೇಕು. ಹೊಸಬರು ಸಾಮಾನ್ಯವಾಗಿ ಮರೆಯುವುದು ಇದನ್ನೇ. ಪೆರುವಿನ ತೀರದುದ್ದಕ್ಕೂ ದಕ್ಷಿಣದಿಂದ ಹಂಬೋಲ್ಟ್ ಶೀತ ಪ್ರವಾಹ ಹರಿದು ಬರುತ್ತದೆ, ಆಳದ ತಣ್ಣೀರೂ ಮೇಲೆದ್ದು ಬರುತ್ತದೆ. ನೀರಿಗೆ ತಾಗಿದ ಗಾಳಿ ತಂಪಾಗಿ ಕೆಳಗೇ ಉಳಿದರೆ, ಅದರ ಮೇಲಿನ ಬೆಚ್ಚಗಿನ ಗಾಳಿ ಪಾತ್ರೆಗೆ ಮುಚ್ಚಿದ ತಟ್ಟೆಯಂತೆ ಕೂರುತ್ತದೆ. ತೇವದ ಗಾಳಿ ಎತ್ತರಕ್ಕೆ ಏರದಿದ್ದರೆ ಮಳೆಮೋಡ ಕಟ್ಟುವುದಿಲ್ಲ. ಹೀಗಾಗಿ ಲಿಮಾದಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆಗಿಂತ ಹೆಚ್ಚು ಮಳೆ ಮಂಗಳೂರಿನಲ್ಲಿ ಜುಲೈ ತಿಂಗಳ ಒಂದೇ ದಿನ ಸುರಿಯಬಲ್ಲದು. ಆದರೂ ಅಲ್ಲಿನ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬೂದುಬಣ್ಣದ ಮೋಡ ಕವಿದಿರುತ್ತದೆ, 'ಗರೂವಾ' ಎಂಬ ತುಂತುರು ಉದುರುತ್ತದೆ. ಆಗಸ್ಟ್‌ನಲ್ಲಿ ಹಗಲಿನ ಉಷ್ಣಾಂಶವೂ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನಗರದಂಚಿನ ಗುಡ್ಡಗಳ ಮೇಲೆ ಬಲೆ ಕಟ್ಟಿ ಮಂಜಿನಿಂದ ನೀರು ಹಿಡಿಯುವವರೂ ಇದ್ದಾರೆ.

ನಾಲ್ಕನೆಯದಾಗಿ, ಗಾಳಿ ಬೆಟ್ಟಕ್ಕೆ ಯಾವ ಕಡೆಯಿಂದ ಬಂದು ತಾಗುತ್ತದೆ ಎಂದು ಪರಿಶೀಲಿಸಿ. ಮಂಗಳೂರಿಗೂ ಲಿಮಾಕ್ಕೂ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಪರ್ವತಸಾಲು. ನೈಋತ್ಯ ಮಾನ್ಸೂನ್ ಕಡಲಿನಿಂದ ಬಂದು ಪಶ್ಚಿಮ ಘಟ್ಟವನ್ನು ಏರುವುದರಿಂದ ಕರಾವಳಿ ಮತ್ತು ಆಗುಂಬೆ ನೆನೆಯುತ್ತವೆ, ಘಟ್ಟದಾಚೆಯ ಚಿತ್ರದುರ್ಗ ಮಳೆನೆರಳಿನಲ್ಲಿ ಉಳಿಯುತ್ತದೆ. ದಕ್ಷಿಣ ಅಮೆರಿಕದಲ್ಲಾದರೋ ಅಟ್ಲಾಂಟಿಕ್ ಕಡೆಯಿಂದ ಬರುವ ತೇವದ ಮಾರುತಗಳು ಅಮೆಜಾನ್ ಕಾಡನ್ನು ದಾಟಿ ಆಂಡೀಸ್‌ನ ಪೂರ್ವದ ಇಳಿಜಾರಿನಲ್ಲೇ ಮಳೆ ಸುರಿಸಿಬಿಡುತ್ತವೆ. ಲಿಮಾ ಇರುವುದು ಆಚೆಯ ಬದಿಯಲ್ಲಿ.

ಕೊನೆಯದಾಗಿ, ನಿಮ್ಮ ಊಹೆಯನ್ನು ಆ ಊರಿನ 30 ವರ್ಷಗಳ ಸರಾಸರಿ ಅಂಕಿಅಂಶಗಳೊಂದಿಗೆ ಹೋಲಿಸಿ. ಒಂದು ವರ್ಷದ ಲೆಕ್ಕವನ್ನು ನಂಬಬೇಡಿ. ಎಲ್ ನಿನೊ ಬಂದಾಗ ಪೆರುವಿನ ತೀರದ ನೀರು ಬಿಸಿಯಾಗಿ, ಒಣಗಿದ ಉತ್ತರ ಭಾಗದಲ್ಲಿ 1997–98ರಲ್ಲಿ ಆದಂತೆ ನೆರೆಯೇ ಬರಬಹುದು. ಸರಾಸರಿಗೂ ನಿಮ್ಮ ಊಹೆಗೂ ಹೆಚ್ಚು ಅಂತರ ಕಂಡರೆ ಮೊದಲು ಸಾಗರ ಪ್ರವಾಹಗಳ ಪುಟವನ್ನು, ಆಮೇಲೆ ಗಾಳಿಯ ದಿಕ್ಕನ್ನು ಮತ್ತೊಮ್ಮೆ ನೋಡಿ.