ಸಕ್ಕರೆ ಅಚ್ಚಿನಿಂದ ಐಸಿಂಗ್ ಬಿಸ್ಕತ್ತಿನವರೆಗೆ: ಹಬ್ಬದ ತಿನಿಸುಗಳ ಬಗ್ಗೆ ನನ್ನ ಅನುಭವ

ತುಮಕೂರಿನ ನಮ್ಮ ಮನೆಯಲ್ಲಿ ಹಬ್ಬಕ್ಕೊಂದು ಆಕಾರದ ತಿನಿಸು ಮಾಡುವ ಕೆಲಸ ಪ್ರತಿ ವರ್ಷ ಸಂಕ್ರಾಂತಿಯ ಸಕ್ಕರೆ ಅಚ್ಚಿನಿಂದ ಶುರುವಾಗುತ್ತದೆ. ಓವನ್ ಮನೆಗೆ ಬಂದದ್ದು, ಬಿಸ್ಕತ್ತಿನ ಮೇಲೆ ಐಸಿಂಗ್‌ನಲ್ಲಿ ಚಿತ್ತಾರ ಬಿಡಿಸಲು ಕೂತದ್ದು ಆಮೇಲಿನ ಮಾತು. ಅಚ್ಚು ಹೊಯ್ಯುವಾಗ ಪಾಕದ ಹದವನ್ನು ಕಣ್ಣಳತೆಯಲ್ಲಿ ಹಿಡಿಯಲು ಅಭ್ಯಾಸವಾಗಿದ್ದುದರಿಂದ ಐಸಿಂಗ್ ನನಗೆ ಅಷ್ಟೇನೂ ಹೊಸ ವಿದ್ಯೆ ಎನಿಸಲಿಲ್ಲ. ಸಕ್ಕರೆ ಯಾವಾಗ ಹರಳುಗಟ್ಟುತ್ತದೆ, ಎಷ್ಟು ನೀರು ಹಿಡಿದುಕೊಳ್ಳುತ್ತದೆ ಎಂಬುದು ಗೊತ್ತಿದ್ದರೆ ಹಬ್ಬದ ಅಲಂಕಾರದಲ್ಲಿ ಮುಕ್ಕಾಲು ಪಾಲು ಗೊತ್ತಾದಂತೆಯೇ ಸರಿ. ಆದ್ದರಿಂದ ಅಚ್ಚಿನ ವಿಷಯವನ್ನೇ ಮೊದಲು, ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಗಿಣಿ, ನವಿಲು, ಕಬ್ಬಿನ ಜಲ್ಲೆ, ಮೀನು, ತುಳಸಿಕಟ್ಟೆ, ಗೋಪುರ ಮುಂತಾದ ಆಕಾರಗಳನ್ನು ಕೊರೆದ ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕುತ್ತೇನೆ. ಒಣಮರ ಪಾಕವನ್ನು ಹೀರಿಕೊಂಡು ಅಂಟಿಸಿಕೊಳ್ಳುತ್ತದೆ. ನೀರು ಕುಡಿದ ಮರ ಬಿಟ್ಟುಕೊಡುತ್ತದೆ. ಬೆಳಿಗ್ಗೆ ಅಚ್ಚನ್ನು ತೆಗೆದು, ಕುಳಿಗಳಲ್ಲಿ ನಿಂತ ನೀರನ್ನು ಬಟ್ಟೆಯಿಂದ ಒರೆಸಿ, ಎರಡು ಹೋಳುಗಳನ್ನೂ ಜೋಡಿಸಿ ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಬೇಕು. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಗೆ ಬಂದಾಗ ಎರಡು ಮೂರು ಚಮಚ ಹಾಲು ಸುರಿದರೆ, ಹಾಲಿನ ಪ್ರೋಟೀನು ಒಡೆದು ಸಕ್ಕರೆಯಲ್ಲಿರುವ ಕೊಳೆಯನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು, ಒದ್ದೆ ಮಾಡಿದ ತೆಳುಬಟ್ಟೆಯಲ್ಲಿ ಪಾಕವನ್ನು ಸೋಸಿದರೆ ಅಚ್ಚು ಬೆಳ್ಳಗೆ ಬರುತ್ತದೆ. ಈ ಕೆಲಸವನ್ನು ಅವಸರದಲ್ಲಿ ಮುಗಿಸಿದವರ ಗಿಣಿ ಮಂಕಾಗಿಯೇ ಕಾಣುತ್ತದೆ.

ಸೋಸಿದ ಪಾಕವನ್ನೆಲ್ಲ ಒಮ್ಮೆಗೇ ಒಲೆಗೆ ಇಡಬಾರದು. ಎರಡು ಸೌಟಿನಷ್ಟನ್ನು ಮಾತ್ರ ಚಿಕ್ಕ ಬಾಣಲೆಗೆ ಹಾಕಿ, ಕೆಲವು ಹನಿ ನಿಂಬೆರಸ ಬಿಟ್ಟು, ಒಂದೆಳೆ ದಾಟಿ ಎರಡನೆಯ ಎಳೆ ಮೂಡುವ ತನಕ ಕುದಿಸಿ ಇಳಿಸುತ್ತೇನೆ. ನಿಂಬೆಯ ಹುಳಿ ಸಕ್ಕರೆಯ ಒಂದು ಪಾಲನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುವುದರಿಂದ ಪಾಕ ಬಾಣಲೆಯಲ್ಲೇ ಗಟ್ಟಿಯಾಗದೆ ನಮಗೆ ಹೊಯ್ಯಲು ಸಮಯ ಕೊಡುತ್ತದೆ. ಹುಳಿ ಹೆಚ್ಚಾದರೆ ಮಾತ್ರ ಅಚ್ಚು ಕಟ್ಟುವುದೇ ಇಲ್ಲ. ಇಳಿಸಿದ ಪಾಕವನ್ನು ಸೌಟಿನ ಬೆನ್ನಿನಿಂದ ಬಾಣಲೆಯ ಅಂಚಿಗೆ ಉಜ್ಜುತ್ತಾ ಹೋದರೆ ತಿಳಿಯಾಗಿದ್ದದ್ದು ನಿಧಾನವಾಗಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಸಣ್ಣ ಹರಳುಗಳು ಹುಟ್ಟಿಕೊಂಡವು ಎಂಬುದರ ಗುರುತು ಅದು. ಆ ಗಳಿಗೆಯಲ್ಲೇ ಅಚ್ಚಿಗೆ ಹೊಯ್ಯಬೇಕು. ಮೊದಲೇ ಹೊಯ್ದರೆ ಒಳಗೆ ಜಿಗುಟು ಉಳಿಯುತ್ತದೆ, ತಡವಾದರೆ ಪಾಕವೆಲ್ಲ ಬಾಣಲೆಯ ತಳದಲ್ಲಿ ಕಲ್ಲಾಗುತ್ತದೆ. ಹಾಗೆ ಕಲ್ಲಾದರೂ ನಷ್ಟವೇನಿಲ್ಲ, ನೀರು ಚಿಮುಕಿಸಿ ಮತ್ತೆ ಒಲೆಗೆ ಇಡಬಹುದು. ಹತ್ತು ನಿಮಿಷದ ಆಸುಪಾಸಿನಲ್ಲಿ ಅಚ್ಚು ಗಟ್ಟಿಯಾಗುತ್ತದೆ. ಆಗ ಹೋಳುಗಳನ್ನು ಮೆಲ್ಲನೆ ಬಿಡಿಸಿ, ಗಿಣಿಯನ್ನು ಬಟ್ಟೆಯ ಮೇಲೆ ನೆರಳಿನಲ್ಲಿ ಆರಲು ಬಿಡುತ್ತೇನೆ. ತಟ್ಟೆಯಲ್ಲಿ ಅದರ ಪಕ್ಕಕ್ಕೆ ಬರುವ ಎಳ್ಳು-ಬೆಲ್ಲಕ್ಕೆ ತಿಪಟೂರಿನ ಕೊಬ್ಬರಿಯನ್ನು ಬಿಟ್ಟು ಬೇರೆಯದನ್ನು ನಮ್ಮ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ಬಿಸ್ಕತ್ತಿನ ಐಸಿಂಗ್‌ನಲ್ಲಿ ಒಲೆಯಿಲ್ಲ ಎನ್ನುವುದೊಂದೇ ದೊಡ್ಡ ವ್ಯತ್ಯಾಸ. ಆದರೆ ಐಸಿಂಗ್‌ಗೆ ಮುನ್ನ ಅದನ್ನು ಹೊರಬಲ್ಲ ಬಿಸ್ಕತ್ತು ಬೇಕು. ಆಕಾರ ಕತ್ತರಿಸುವ ಬಿಸ್ಕತ್ತಿಗೆ ನಾನು ಬೇಕಿಂಗ್ ಪೌಡರ್ ಹಾಕುವುದಿಲ್ಲ. ಅದು ಉಬ್ಬಿಸಿ ಹಣತೆಯ ಮೂತಿಯನ್ನು ಮೊಂಡು ಮಾಡುತ್ತದೆ. 250 ಗ್ರಾಂ ಹಿಟ್ಟಿಗೆ 125 ಗ್ರಾಂ ಉಪ್ಪಿಲ್ಲದ ಬೆಣ್ಣೆ, 100 ಗ್ರಾಂ ಪುಡಿಸಕ್ಕರೆ, ಹಿಟ್ಟು ಕೂಡುವಷ್ಟು ಹಾಲು, ಏಲಕ್ಕಿ ಪುಡಿ, ಚಿಟಿಕೆ ಉಪ್ಪು, ಇಷ್ಟೇ ನನ್ನ ಲೆಕ್ಕ. ಹಿಟ್ಟಿನಲ್ಲಿ 80 ಗ್ರಾಂನಷ್ಟು ಹುರಿದ ರಾಗಿಹಿಟ್ಟು, ಉಳಿದದ್ದು ಮೈದಾ. ರಾಗಿಯಲ್ಲಿ ಗ್ಲುಟೆನ್ ಇಲ್ಲದಿರುವುದರಿಂದ ಅದರ ಪಾಲು ಏರಿಸಿದಷ್ಟೂ ಬಿಸ್ಕತ್ತು ಪುಡಿಪುಡಿಯಾಗುತ್ತದೆ. ಅಂಚು ಚೂಪಾಗಿ ನಿಲ್ಲಬೇಕೆಂದರೆ ಮೂರನೆಯ ಒಂದು ಭಾಗಕ್ಕೆ ನಿಲ್ಲಿಸುವುದು ಲೇಸು. ರಾಗಿಯ ಕಂದು ಮೈಮೇಲೆ ಬಿಳಿ ಐಸಿಂಗಿನ ಗೆರೆ ಸಾರಿಸಿದ ನೆಲದ ರಂಗೋಲಿಯಂತೆ ಎದ್ದು ಕಾಣುವುದರಿಂದ ದೀಪಾವಳಿಯ ಬಿಸ್ಕತ್ತಿಗೆ ಬೇರೆ ಬಣ್ಣವನ್ನೇ ನಾನು ಬಳಸುವುದಿಲ್ಲ. ಹಿಟ್ಟನ್ನು 5 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ತಟ್ಟೆಸಮೇತ ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟು, 170 ಡಿಗ್ರಿಯಲ್ಲಿ ಹನ್ನೆರಡರಿಂದ ಹದಿನಾಲ್ಕು ನಿಮಿಷ ಬೇಯಿಸುತ್ತೇನೆ. ತಣ್ಣಗಾದ ಬೆಣ್ಣೆ ಓವನ್‌ನಲ್ಲಿ ನಿಧಾನವಾಗಿ ಕರಗುತ್ತದೆ, ಅಷ್ಟರಲ್ಲಿ ಹಿಟ್ಟು ಬೆಂದು ಆಕಾರ ನಿಂತಿರುತ್ತದೆ.

ಐಸಿಂಗ್‌ಗೆ ಮೊಟ್ಟೆಯ ಬಿಳಿಭಾಗ ಬಳಸುವುದು ಎಲ್ಲೆಡೆ ಇರುವ ಪದ್ಧತಿ. ನಮ್ಮಲ್ಲಿ ಹಬ್ಬದ ತಿನಿಸಿಗೆ ಮೊಟ್ಟೆ ಸೇರುವಂತಿಲ್ಲವಾದ್ದರಿಂದ ನಾನು ಎರಡು ದಾರಿ ಹಿಡಿದಿದ್ದೇನೆ. ಸುಲಭದ್ದೆಂದರೆ ಜರಡಿ ಹಿಡಿದ 250 ಗ್ರಾಂ ಐಸಿಂಗ್ ಸಕ್ಕರೆಗೆ ನಾಲ್ಕು ಟೀ ಚಮಚ ಹಾಲು, ಅಷ್ಟೇ ಲಿಕ್ವಿಡ್ ಗ್ಲೂಕೋಸ್ ಸೇರಿಸಿ ಕಲಸುವುದು. ಪಾಕದಲ್ಲಿ ನಿಂಬೆ ಮಾಡುವ ಕೆಲಸವನ್ನು ಇಲ್ಲಿ ಗ್ಲೂಕೋಸ್ ಮಾಡುತ್ತದೆ, ಅಂದರೆ ಸಕ್ಕರೆ ಒರಟು ಹರಳಾಗದಂತೆ ತಡೆದು ಹೊಳಪು ಉಳಿಸುತ್ತದೆ. ಇದು ಒಣಗಿದರೂ ಪೂರ್ತಿ ಗಡುಸಾಗುವುದಿಲ್ಲ. ಉಬ್ಬುಗೆರೆ, ಚುಕ್ಕಿ, ದಳಗಳು ಬೇಕೆಂದಾಗ ಎರಡನೆಯ ದಾರಿಯಾದ ಕಾಬೂಲಿ ಕಡಲೆ ಬೇಯಿಸಿದ ನೀರು ಬೇಕು. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮನೆಯಲ್ಲಿ ಉಸಲಿಗೆ ಕಡಲೆ ಬೇಯುತ್ತಲೇ ಇರುತ್ತದೆ. ಉಪ್ಪು ಹಾಕದೆ ಬೇಯಿಸಿ ಬಸಿದ ನೀರನ್ನು ಅರ್ಧಕ್ಕೆ ಇಳಿಯುವಂತೆ ಕುದಿಸಿ, ತಣಿಸಿ, ಬೀಟರ್‌ನಿಂದ ಕಡೆದರೆ ಮೊಟ್ಟೆಯ ಬಿಳಿಯಂತೆಯೇ ನೊರೆ ಬರುತ್ತದೆ. ಅದಕ್ಕೆ ಐಸಿಂಗ್ ಸಕ್ಕರೆ ಸೇರಿಸುತ್ತಾ ಹೋದರೆ ಗೆರೆ ನಿಲ್ಲುವ ಐಸಿಂಗ್ ಸಿದ್ಧ. ಕಡಲೆಯ ವಾಸನೆ ಉಳಿಯುತ್ತದೆಯೇ ಎಂದು ಕೇಳುವವರಿದ್ದಾರೆ. ಹಸಿಯಾಗಿದ್ದಾಗ ಸ್ವಲ್ಪ ಇರುತ್ತದೆ, ಒಣಗಿದ ಮೇಲೆ ಏಲಕ್ಕಿಯ ಎದುರು ಅದು ಗೊತ್ತಾಗುವುದಿಲ್ಲ.

ಐಸಿಂಗಿನ ಹದವನ್ನು ನೋಡುವುದು ಎಳೆಪಾಕ ನೋಡುವುದಕ್ಕಿಂತ ಸುಲಭ. ಬಟ್ಟಲಿನಲ್ಲಿರುವ ಐಸಿಂಗ್ ಮೇಲೆ ಚಾಕುವಿನಿಂದ ಗೆರೆ ಎಳೆದು ಎಣಿಸಬೇಕು. ಹತ್ತು ಹನ್ನೆರಡು ಸೆಕೆಂಡಿನಲ್ಲಿ ಗೆರೆ ಮುಚ್ಚಿಕೊಂಡರೆ ಒಳಭಾಗ ತುಂಬಲು ಸರಿಯಾದ ಹದ. ಇಪ್ಪತ್ತಕ್ಕೂ ಮೀರಿದರೆ ಅಂಚು ಕಟ್ಟಲು ಯೋಗ್ಯ. ಮೊದಲು ಗಟ್ಟಿ ಐಸಿಂಗ್‌ನಿಂದ ಬದು ಹಾಕಿ, ಅದು ಬಿಗಿದ ಮೇಲೆ ಒಳಗೆ ತೆಳುವಾದದ್ದನ್ನು ಹರಿಯಬಿಡುತ್ತೇನೆ. ಅಂಗಡಿಯ ಪೈಪಿಂಗ್ ಬ್ಯಾಗಿಗಿಂತ ಮೆಹಂದಿ ಕೋನ್‌ನಂತೆ ಸುತ್ತಿದ ಬಟರ್ ಪೇಪರ್ ನನ್ನ ಕೈಗೆ ಹಿತ. ತುದಿಯನ್ನು ಎಷ್ಟು ಕತ್ತರಿಸಬೇಕೆಂಬುದನ್ನು ಮೆಹಂದಿ ಹಾಕಿ ಪಳಗಿದ ಹುಡುಗಿಯರಿಗೆ ಹೇಳಿಕೊಡಬೇಕಾಗಿಲ್ಲ.

ಬಣ್ಣಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ಒಂದು ಹಬ್ಬಕ್ಕೆ ಎರಡು ಬಣ್ಣ ಸಾಕು, ಮೂರಾದರೆ ಹೆಚ್ಚು. ನವೆಂಬರ್ 1ರ ರಾಜ್ಯೋತ್ಸವಕ್ಕೆ ಅರಿಶಿನ ಮತ್ತು ಕೆಂಪಿನ ಬಾವುಟದ ಬಿಸ್ಕತ್ತು ಮಾಡುವಾಗ ಹಳದಿಯ ಪಟ್ಟಿಯನ್ನು ಮೊದಲು ತುಂಬಿ, ರಾತ್ರಿಯೆಲ್ಲ ಒಣಗಲು ಬಿಟ್ಟು, ಮರುದಿನ ಕೆಂಪು ತುಂಬುತ್ತೇನೆ. ಎರಡೂ ಹಸಿಯಾಗಿದ್ದರೆ ಕೆಂಪು ಹಳದಿಯೊಳಕ್ಕೆ ಇಳಿದುಬಿಡುತ್ತದೆ. ಹಳದಿಗೆ ಅರಿಶಿನವೇ ಸಾಕು, ಆದರೆ ಅದು ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ, ಕಿಟಕಿಯ ಬಳಿ ಒಣಹಾಕಬಾರದು. ಅಡುಗೆಸೋಡ ಹಾಕಿದ ಕೇಕಿನ ಹಿಟ್ಟಿಗೆ ಅರಿಶಿನ ಬೆರೆಸಿದರೆ ಹಳದಿಯ ಬದಲು ಕೆಂಗಂದು ಬಣ್ಣ ಬರಬಹುದು. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದನ್ನು ಕಂಡವರಿಗೆ ಇದರ ಕಾರಣ ಹೇಳಬೇಕಿಲ್ಲ. ಸೋಡವೂ ಸುಣ್ಣದಂತೆ ಕ್ಷಾರವೇ. ಬೀಟ್‌ರೂಟ್ ರಸ ಐಸಿಂಗ್‌ನಲ್ಲಿ ಚೆಂದದ ಗುಲಾಬಿ ಕೊಡುತ್ತದೆ, ಓವನ್‌ನ ಶಾಖಕ್ಕೆ ಮಾತ್ರ ಮಣ್ಣುಬಣ್ಣಕ್ಕೆ ತಿರುಗುತ್ತದೆ. ಗಾಢವಾದ ಕೆಂಪು ಬೇಕಾದಾಗ ನಾನೂ ಜೆಲ್ ಬಣ್ಣವನ್ನೇ ಬಳಸುತ್ತೇನೆ, ಏಕೆಂದರೆ ನೀರಾಗಿರುವ ಬಣ್ಣ ಐಸಿಂಗಿನ ಹದವನ್ನೇ ಕೆಡಿಸುತ್ತದೆ.

ಋತುವನ್ನು ನೋಡದೆ ಹಬ್ಬದ ಪಟ್ಟಿ ಹಾಕಿಕೊಂಡರೆ ಕೆಲಸ ಕೈಕೊಡುತ್ತದೆ. ಸಂಕ್ರಾಂತಿಯ ಒಣಹವೆಯಲ್ಲಿ ಒಂದು ರಾತ್ರಿಯೊಳಗೆ ಗಡುಸಾಗುವ ಐಸಿಂಗ್ ಗೌರಿ-ಗಣೇಶ ಹಬ್ಬದ ಮಳೆಗಾಲದಲ್ಲಿ ಎರಡು ದಿನವಾದರೂ ಬೆರಳಿಗೆ ಅಂಟುತ್ತದೆ. ಆಗ ನಾನು ಫ್ಯಾನಿನ ಕೆಳಗೆ ತಟ್ಟೆಗಳನ್ನು ಹರಡಿ, ಅಷ್ಟಕ್ಕೂ ಬಗ್ಗದಿದ್ದರೆ ಓವನ್ನನ್ನು ಅದರ ಅತಿ ಕಡಿಮೆ ಶಾಖಕ್ಕೆ ತಂದು, ಆರಿಸಿ, ಬಾಗಿಲನ್ನು ಅರೆ ತೆರೆದು ಒಳಗಿಡುತ್ತೇನೆ. ಯುಗಾದಿಗೆ ಬೇವಿನೆಲೆಯ ಆಕಾರದ ಬಿಸ್ಕತ್ತಿಗೆ ಬೆಲ್ಲ ಹಾಕುವುದು ಅರ್ಥಪೂರ್ಣವೆನಿಸಿದರೂ ಬೆಲ್ಲ ಗಾಳಿಯ ತೇವವನ್ನು ಎಳೆದುಕೊಂಡು ಬಿಸ್ಕತ್ತನ್ನು ಬೇಗ ಮೆತ್ತಗಾಗಿಸುತ್ತದೆ, ಮೇಲಿನ ಐಸಿಂಗೂ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಬೆಲ್ಲದ ಬಿಸ್ಕತ್ತನ್ನು ಅಲಂಕರಿಸದೆ, ಎಲೆಯ ನರಗಳನ್ನು ಚಾಕುವಿನಿಂದ ಗೀರಿ ಹಾಗೆಯೇ ಬೇಯಿಸುತ್ತೇನೆ. ಫಾಂಡೆಂಟ್ ಎಂಬ ಸಕ್ಕರೆಯ ಹಿಟ್ಟನ್ನು ನಮ್ಮ ಮನೆಯಿಂದ ದೂರವೇ ಇಟ್ಟಿದ್ದೇನೆ. ಫ್ರಿಜ್‌ನಿಂದ ತೆಗೆದೊಡನೆ ಅದು ಬೆವರುತ್ತದೆ, ಮಕ್ಕಳು ಅದನ್ನು ಸುಲಿದು ತಟ್ಟೆಯಂಚಿಗೆ ಸರಿಸುತ್ತಾರೆ. ತಿನ್ನದ ಅಲಂಕಾರಕ್ಕೆ ಅಷ್ಟು ಸಕ್ಕರೆ ಏಕೆ ಎಂಬುದು ನನಗೆ ಅರ್ಥವಾಗಿಲ್ಲ.

ಕೇಕಿನ ಕಡೆಗೆ ನಾನು ಅಷ್ಟಾಗಿ ಹೋಗುವವಳಲ್ಲ. ನೆಂಟರ ಮಗುವೊಂದು ಹುಟ್ಟುಹಬ್ಬಕ್ಕೆ ಮಧುಗಿರಿ ಬೆಟ್ಟವೇ ಬೇಕೆಂದು ಹಟ ಹಿಡಿದಾಗ ಮಾತ್ರ ಒಪ್ಪಿಕೊಂಡೆ. ಒಂದೇ ಕಲ್ಲಿನ ಆ ಬೆಟ್ಟಕ್ಕೆ ಕೊರೆಯಲು ಬರುವಂಥ ಬಿಗಿಯಾದ ಕೇಕ್ ಬೇಕು. ಮೊಸರು ಮತ್ತು ಅಡುಗೆಸೋಡ ಸೇರಿಸಿ ಮಾಡಿದ ಕೋಕೋ ಕೇಕನ್ನು ರಾತ್ರಿ ಫ್ರಿಜ್‌ನಲ್ಲಿಟ್ಟು ಮರುದಿನ ಚಾಕುವಿನಿಂದ ಇಳಿಜಾರು ತೆಗೆದೆ. ಅದು ಏಪ್ರಿಲ್ ತಿಂಗಳು. ಬೆಣ್ಣೆ 32ರಿಂದ 35 ಡಿಗ್ರಿಯೊಳಗೆ ಕರಗುವ ವಸ್ತುವಾದ್ದರಿಂದ ಬಟರ್ ಕ್ರೀಮಿನ ಯೋಚನೆಯನ್ನೇ ಬಿಟ್ಟು, ಎರಡು ಪಾಲು ಡಾರ್ಕ್ ಚಾಕೊಲೇಟಿಗೆ ಒಂದು ಪಾಲು ಕ್ರೀಮ್ ಹಾಕಿದ ಗನಾಶ್ ಬಳಿದೆ. ಕೋಟೆಯ ಗೋಡೆಗೆ ರಾಗಿ ಬಿಸ್ಕತ್ತಿನ ಚೂರುಗಳನ್ನು ಅಂಟಿಸಿದ್ದು ಮಗುವಿಗೆ ಬೆಟ್ಟಕ್ಕಿಂತ ಹೆಚ್ಚು ಇಷ್ಟವಾಯಿತು.

ಕ್ರಿಸ್‌ಮಸ್‌ಗೆ ನಾನು ನಕ್ಷತ್ರದ ಬಿಸ್ಕತ್ತು ಕಳಿಸಿದರೆ ಕೋಲಾರದ ಚಿನ್ನದ ಗಣಿ ಊರಿನಿಂದ ಬಂದು ನೆಲೆಸಿರುವ ಗೆಳತಿಯ ಮನೆಯಿಂದ ಕುಲ್‌ಕುಲ್ ಬರುತ್ತದೆ. ಮೈದಾಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತಿ ಕರಿದು, ಗಟ್ಟಿ ಪಾಕದಲ್ಲಿ ಹೊರಳಿಸುತ್ತಾರೆ. ಬಿಡದೆ ಕೈಯಾಡಿಸುತ್ತಿದ್ದರೆ ಪಾಕ ಬೆಳ್ಳಗಾಗಿ ಒಂದೊಂದಕ್ಕೂ ಮಂಜಿನ ಹೊದಿಕೆಯಾಗುತ್ತದೆ. ನಾನು ಅಚ್ಚಿಗೆ ಕಾಯುವ ಗಳಿಗೆಯೇ ಅದು, ಅವಳು ಅದನ್ನು ಬಾಣಲೆಯ ಸದ್ದಿನಿಂದ ಗುರುತಿಸುತ್ತಾಳೆ: ಅಂಟಂಟಾಗಿದ್ದದ್ದು ಗಲಗಲ ಎನ್ನಲು ಶುರುವಾದರೆ ಇಳಿಸುತ್ತಾಳೆ. ಆ ಲಕ್ಷಣ ನನಗೆ ಹೊಳೆದಿರಲಿಲ್ಲ.

ಪಾವಗಡದ ನೆಂಟರಿಗೆ ಬಸ್ಸಿನಲ್ಲಿ ಕಳಿಸುವ ಪೆಟ್ಟಿಗೆಯ ಬಗ್ಗೆ ಒಂದು ಮಾತು ಹೇಳಬೇಕು. ಐಸಿಂಗ್ ಬಿಸ್ಕತ್ತುಗಳನ್ನು ಒಂದರ ಮೇಲೊಂದು ಮಲಗಿಸಿದರೆ ಮೇಲಿನವುಗಳ ಭಾರಕ್ಕೆ ಕೆಳಗಿನ ಚಿತ್ತಾರ ಬಿರಿಯುತ್ತದೆ. ನಡುವೆ ಬಟರ್ ಪೇಪರ್ ಇಟ್ಟು, ಪುಸ್ತಕ ಜೋಡಿಸುವಂತೆ ನೆಟ್ಟಗೆ ನಿಲ್ಲಿಸಿ, ಅಲುಗಾಡದಂತೆ ಸಂದಿಗೆ ಕಾಗದದ ಚೂರು ತುರುಕಬೇಕು. ಪೂರ್ತಿ ಒಣಗದ ಐಸಿಂಗನ್ನು ಡಬ್ಬಿಗೆ ತುಂಬುವುದಕ್ಕಿಂತ ಹಬ್ಬ ಕಳೆದು ಒಂದು ದಿನಕ್ಕೆ ಕಳಿಸುವುದೇ ಮೇಲು. ಸಕ್ಕರೆ ಅಚ್ಚುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುವುದಿಲ್ಲ, ಕೊಬ್ಬರಿ ಬೆರೆತ ಎಳ್ಳಿನ ಜೊತೆಗೂ ಇಡುವುದಿಲ್ಲ. ಬೇರೆ ಡಬ್ಬಿಯಲ್ಲಿ ಹತ್ತಿ ಹಾಸಿ, ಗಿಣಿ ನವಿಲುಗಳನ್ನು ಕೊಕ್ಕು ಮೇಲಾಗಿ ಇಟ್ಟು, ಉಳಿದ ಜಾಗಕ್ಕೆ ಮುರಿದರೂ ಚಿಂತೆಯಿಲ್ಲದ ಕಬ್ಬಿನ ಜಲ್ಲೆಗಳನ್ನು ತುಂಬಿ ಮುಚ್ಚಳ ಬಿಗಿಯುತ್ತೇನೆ.