ಕಂಪನದ ಲೆಕ್ಕಕ್ಕೆ ನಾನು ಮೆಶ್ ಒಗ್ಗಿಸುವ ಬಗೆ

ಫೈನೈಟ್ ಎಲಿಮೆಂಟ್ ವಿಧಾನದಲ್ಲಿ ವಸ್ತುವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುತ್ತೇವೆ; ಆ ತುಂಡುಗಳ ಜಾಲವೇ ಮೆಶ್. ಸ್ಥಿರ ಭಾರಕ್ಕೆ ಒಗ್ಗಿಸಿದ ಮೆಶ್ಶನ್ನು ಹಾಗೆಯೇ ಕಂಪನದ ಲೆಕ್ಕಕ್ಕೆ ನಾನು ಬಳಸುವುದಿಲ್ಲ. ಒಂದೊಂದು ಮೋಡ್ (ವಸ್ತು ತನ್ನದೇ ಒಂದು ಫ್ರೀಕ್ವೆನ್ಸಿಯಲ್ಲಿ ಕಂಪಿಸುವ ಆಕಾರ) ಬಾಗುವುದು ಒಂದೊಂದು ಕಡೆ. ಒಂದು ತುದಿ ಬಿಗಿಯಾದ ತೊಲೆಯ ಮೊದಲ ಮೋಡ್‌ಗೆ ಬುಡದಲ್ಲಿ ಸಣ್ಣ ಎಲಿಮೆಂಟ್ ಸಾಕು. ಮೂರನೆಯದಕ್ಕೆ ನಡುವೆಯೂ ಬೇಕು.

ಒರಟು ಮೆಶ್‌ನಲ್ಲೇ ಬೇಕಾದ ಮೋಡ್‌ಗಳನ್ನೆಲ್ಲ ತೆಗೆದು, ಒಂದೊಂದರ ಸ್ಟ್ರೆಸ್ (ಒಳಒತ್ತಡ) ಮೇಲೂ ಜೀನ್‌ಕೀವಿಚ್ ಮತ್ತು ಝು 1987ರಲ್ಲಿ ಕೊಟ್ಟ ದೋಷದ ಅಂದಾಜು ಹಾಕುತ್ತೇನೆ: ಎಲಿಮೆಂಟಿನ ಗಡಿಯಲ್ಲಿ ನೆಗೆಯುವ ಸ್ಟ್ರೆಸ್ಸನ್ನು ನಯಗೊಳಿಸಿ, ಮೂಲದ್ದಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಶಕ್ತಿಯಾಗಿ ಅಳೆಯುವುದು. ನಯಗೊಳಿಸಲು ನೋಡ್‌ನಲ್ಲಿ (ಎಲಿಮೆಂಟುಗಳು ಕೂಡುವ ಬಿಂದು) ಸರಾಸರಿ ತೆಗೆಯುವುದಕ್ಕಿಂತ ಅವರದೇ 1992ರ ಪ್ಯಾಚ್ ರಿಕವರಿ (ನೋಡ್ ಸುತ್ತಲಿನ ಎಲಿಮೆಂಟುಗಳ ಸ್ಟ್ರೆಸ್ಸಿಗೆ ಒಂದು ನಯವಾದ ಬಹುಪದಿ ಹೊಂದಿಸುವುದು) ಮೇಲು. ಎರಡು ವಸ್ತು ಕೂಡುವಲ್ಲಿ, ದಪ್ಪ ಬದಲಾಗುವಲ್ಲಿ ಸ್ಟ್ರೆಸ್ ನಿಜವಾಗಿಯೇ ನೆಗೆಯುತ್ತದೆ. ಆ ಗಡಿ ದಾಟಿ ನಯಗೊಳಿಸಿದರೆ ಇಲ್ಲದ ದೋಷ ಕಾಣುತ್ತದೆ.

ಶಕ್ತಿಯ ನಾರ್ಮ್‌ನಲ್ಲಿ (ಆ ಶಕ್ತಿಯ ವರ್ಗಮೂಲದ ಅಳತೆಯಲ್ಲಿ) ದೋಷ ಶೇ. 10 ಇದ್ದರೆ ಐಗನ್‌ಮೌಲ್ಯದ (ಫ್ರೀಕ್ವೆನ್ಸಿಯ ವರ್ಗಕ್ಕೆ ಅನುಪಾತದಲ್ಲಿರುವ ಸಂಖ್ಯೆ) ದೋಷ ಅದರ ವರ್ಗ, ಸುಮಾರು ಶೇ. 1, ಫ್ರೀಕ್ವೆನ್ಸಿಯದು ಶೇ. 0.5. ಫ್ರೀಕ್ವೆನ್ಸಿ ನೆಲೆನಿಂತಿತೆಂದು ಸ್ಟ್ರೆಸ್ಸನ್ನೂ ನಂಬುವವರು ಇಲ್ಲೇ ಎಡವುವುದು.

ಎಲಿಮೆಂಟಿನ ದೋಷವನ್ನು ಅದರ ಪಾಲಿಗೆ ಬಿಟ್ಟ (ಅಷ್ಟಿದ್ದರೂ ಸರಿ ಎನ್ನುವ) ದೋಷದಿಂದ ಭಾಗಿಸಿದರೆ ಒಂದು ಅನುಪಾತ ಸಿಗುತ್ತದೆ. ಲೀನಿಯರ್ ಎಲಿಮೆಂಟಾದರೆ (ಒಳಗೆ ಸ್ಥಾನಾಂತರ ನೇರ ಗೆರೆಯಂತೆ ಬದಲಾಗುವಂಥದು) ಗಾತ್ರವನ್ನು ಅದರಿಂದಲೇ, ಕ್ವಾಡ್ರಾಟಿಕ್ ಆದರೆ (ಬಾಗಿದ ಗೆರೆಯಂತೆ ಬದಲಾಗುವಂಥದು) ಅದರ ವರ್ಗಮೂಲದಿಂದ ಭಾಗಿಸಬೇಕು. ಮೋಡ್‌ಗಳೆಲ್ಲ ಕೇಳುವ ಗಾತ್ರಗಳಲ್ಲಿ ಅತಿ ಚಿಕ್ಕದೇ ಅಲ್ಲಿನ ಗಾತ್ರ. ಚೂಪಾದ ಒಳಮೂಲೆಯಲ್ಲಿ ಸ್ಟ್ರೆಸ್ಸಿಗೆ ಮಿತಿಯೇ ಇಲ್ಲ, ಅಂದಾಜು ಇನ್ನೂ ಸಣ್ಣದು ಬೇಕೆನ್ನುತ್ತಲೇ ಇರುತ್ತದೆ. ಅಲ್ಲಿ ಫಿಲೆಟ್ (ಮೂಲೆಯನ್ನು ದುಂಡಾಗಿಸುವ ಬಾಗು) ಬರೆಯಿರಿ, ಇಲ್ಲವೇ ಕನಿಷ್ಠ ಗಾತ್ರ ಕಟ್ಟಿಬಿಡಿ. ಹೊಸ ಮೆಶ್‌ನಲ್ಲಿ ಹತ್ತಿರದ ಎರಡು ಮೋಡ್‌ಗಳ ಕ್ರಮ ಅದಲುಬದಲಾಗಬಹುದು. ಸಂಖ್ಯೆಯಿಂದಲ್ಲ, ಆಕಾರದಿಂದ ಜೋಡಿಸಬೇಕು.

ಕಾಲವನ್ನು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುವಾಗ ಬರುವ ದೋಷ ಬೇರೆಯೇ ಲೆಕ್ಕ. ನ್ಯೂಮಾರ್ಕ್ ಸರಾಸರಿ ವೇಗೋತ್ಕರ್ಷ ವಿಧಾನದಲ್ಲಿ (ಹೆಜ್ಜೆಯುದ್ದಕ್ಕೂ ವೇಗೋತ್ಕರ್ಷ ಅದರ ಎರಡು ತುದಿಗಳ ಸರಾಸರಿಯೆಂದು ಹಿಡಿಯುವುದು) ಒಂದು ಆವರ್ತಕ್ಕೆ 20 ಹೆಜ್ಜೆಯಿಟ್ಟರೆ ಅವಧಿ ಸುಮಾರು ಶೇ. 0.8 ಉದ್ದವಾಗುತ್ತದೆ. ಮೆಶ್ಶಿನಿಂದ ಶೇ. 0.1 ಉಳಿಸಿ ಇಲ್ಲಿ ಇಷ್ಟು ಬಿಟ್ಟುಕೊಟ್ಟರೆ ಏನು ಬಂತು? ಎಕ್ಸ್‌ಪ್ಲಿಸಿಟ್ ವಿಧಾನದಲ್ಲಿ (ಮುಂದಿನ ಹೆಜ್ಜೆಯನ್ನು ಈಗಿನದರಿಂದಲೇ ನೇರವಾಗಿ ಪಡೆಯುವುದು) ಬೆಲೆ ಇನ್ನೊಂದು ತರಹ. ಅಲೆ ಒಂದು ಎಲಿಮೆಂಟ್ ದಾಟುವ ಸಮಯಕ್ಕಿಂತ ಹೆಜ್ಜೆ ದೊಡ್ಡದಾಗಬಾರದು: ಉಕ್ಕಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5000 ಮೀಟರ್, 1 ಮಿ.ಮೀ. ಎಲಿಮೆಂಟ್ ಒಂದೇ ಒಂದಿದ್ದರೂ ಇಡೀ ಮಾದರಿ 0.2 ಮೈಕ್ರೋಸೆಕೆಂಡಿನ ಹೆಜ್ಜೆಗೆ ಇಳಿಯುತ್ತದೆ.

ಲೆಕ್ಕ ಓಡುತ್ತಿರುವಾಗಲೇ ಮೆಶ್ ಬದಲಿಸುವುದನ್ನು ಆಘಾತದ ಅಲೆ ಹಿಂಬಾಲಿಸುವಾಗ ಮಾತ್ರ ಮಾಡುತ್ತೇನೆ. ಗಾತ್ರ ಥಟ್ಟನೆ ಬದಲಾದರೆ ಆ ಗಡಿಯಿಂದ ಸುಳ್ಳು ಪ್ರತಿಫಲನ ಬರುತ್ತದೆ, ಹಾಗಾಗಿ ನಿಧಾನ ಬದಲಾವಣೆ. ಹೊಸ ಮೆಶ್ಶಿಗೆ ಸ್ಥಾನಾಂತರ, ವೇಗಗಳನ್ನಷ್ಟೇ ಒಯ್ಯಬೇಕು. ವೇಗೋತ್ಕರ್ಷವನ್ನು ಚಲನೆಯ ಸಮೀಕರಣದಿಂದ ಹೊಸದಾಗಿ ಬಿಡಿಸಬೇಕು, ಇಲ್ಲದಿದ್ದರೆ ಮುಂದಿನ ಹೆಜ್ಜೆಗಳಲ್ಲಿ ಹುಸಿ ಕಂಪನ ಎದ್ದೀತು. ಬದಲಿಸುವ ಮುಂಚೆ, ಆಮೇಲೆ ಒಟ್ಟು ಶಕ್ತಿಯನ್ನು ಹೋಲಿಸಿ. ಕಣ್ಣಿಗೆ ಹೊಡೆಯುವಷ್ಟು ನೆಗೆತವಿದ್ದರೆ ಒಯ್ದದ್ದರಲ್ಲೇ ತಪ್ಪಿದೆ.