ಬೂಷ್ಟು ಹಿಡಿದ ಆರು ಕ್ಯಾಸೆಟ್ಟುಗಳಿಂದ ಬ್ಯಾಟ್‌ಮ್ಯಾನ್‌ನನ್ನು ಹೊರತೆಗೆದದ್ದು

ಬೆಂಗಳೂರಿನ ಎಸ್.ಪಿ. ರಸ್ತೆಯ ಆ ಹಿರಿಯ ಮೆಕ್ಯಾನಿಕ್ ವಿಡಿಯೊ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದವರೇ, ಸತ್ತ ಇಲಿಯನ್ನು ಎತ್ತುವಂತೆ ಎರಡೇ ಬೆರಳಲ್ಲಿ ಎತ್ತಿ ನನ್ನ ಕೈಗೆ ವಾಪಸ್ ಇಟ್ಟರು. "ಇದನ್ನು ಅಂಗಡಿಯೊಳಗೆ ತರಬೇಡಿ ಸ್ವಾಮಿ, ಉಳಿದ ಮೆಷಿನ್‌ಗಳಿಗೂ ಅಂಟುತ್ತದೆ" ಎಂದರು. ನನ್ನ ಭಾವನ ಮಾತು ಇನ್ನೂ ನೇರ: "ಇಡೀ ಸರಣಿ ಬ್ಲೂ-ರೇಯಲ್ಲಿ ಬಂದಿದೆ. ತರಿಸಿ ನೋಡಿ ಮುಗಿಸು ಮಾರಾಯ, ಈ ಹೊಲಸು ಯಾಕೆ?" ಬ್ಲೂ-ರೇ ನನ್ನ ಬಳಿಯೂ ಇದೆ, ಡಿವಿಡಿಯೂ ಇದೆ. ಆ ಮಾತು ಬೇರೆ. ಆರರಲ್ಲಿ ಐದು ಕ್ಯಾಸೆಟ್ ಈಗ ಪೂರ್ತಿಯಾಗಿ ಹಾರ್ಡ್ ಡಿಸ್ಕಿಗೆ ಇಳಿದಿವೆ. ಆದ್ದರಿಂದ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವನು ಈಗ ಬರೆಯುತ್ತಿದ್ದೇನೆ.

ಕ್ಯಾಸೆಟ್ಟುಗಳು 2000ದ ಆಸುಪಾಸಿನವು. ಕುಂದಾಪುರದ ನಮ್ಮ ಮನೆಯಲ್ಲಿ, ಚಿಕ್ಕಪ್ಪ ಮಸ್ಕತ್‌ನಿಂದ ತಂದ ವಿಸಿಆರ್‌ನಲ್ಲಿ, ಕೇಬಲ್‌ನಿಂದ ನೇರ ರೆಕಾರ್ಡ್ ಮಾಡಿದ್ದು. ಬ್ಯಾಟ್‌ಮ್ಯಾನ್: ದಿ ಅನಿಮೇಟೆಡ್ ಸೀರೀಸ್ ಎಂಬ ಅಮೆರಿಕದ ಕಾರ್ಟೂನ್ ಸರಣಿ. ಅಪ್ಪ ಲೇಬಲ್ ಮೇಲೆ ದುಂಡಗಿನ ಅಕ್ಷರದಲ್ಲಿ "ಬಾವಲಿ 1", "ಬಾವಲಿ 2" ಎಂದು ಬರೆದಿದ್ದಾರೆ. ಅಪ್ಪನ ಮಿತವ್ಯಯದ ಫಲವಾಗಿ ಮೂರು ಕ್ಯಾಸೆಟ್ ಎಲ್‌ಪಿ ವೇಗದಲ್ಲಿವೆ, ಅಂದರೆ ಮೂರು ಗಂಟೆಯ ಇ-180ಯಲ್ಲಿ ಆರು ಗಂಟೆ ತುಂಬಿಸಿದ್ದು. ಅಂದು ಉಳಿಸಿದ ನಾಲ್ಕು ಕಾಸನ್ನು ಇಂದು ನಾನು ಬಡ್ಡಿ ಸಮೇತ ಕಟ್ಟಿದ್ದೇನೆ. ಒಟ್ಟು ಇಪ್ಪತ್ತನಾಲ್ಕು ಗಂಟೆಯಷ್ಟು ಸರಕು. ಜಾಹೀರಾತು, ಮರುಪ್ರಸಾರ ಕಳೆದರೆ 85 ಕಂತುಗಳಲ್ಲಿ ನಲವತ್ತರ ಹತ್ತಿರ ಸಿಕ್ಕಿವೆ.

ಕರಾವಳಿಯ ಇಪ್ಪತ್ತು ಮಳೆಗಾಲ ಅಟ್ಟದ ಮೇಲೆ ಕಳೆದ ಕ್ಯಾಸೆಟ್ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು, ಕಿಟಕಿಯ ಒಳಗೆ ಹಿಟ್ಟು ಚೆಲ್ಲಿದ ಹಾಗೆ.

ಮೊದಲು ಸೋಲಿನ ಲೆಕ್ಕ. ಭಾನುವಾರ ಬಜಾರಿನಲ್ಲಿ 1500 ರೂಪಾಯಿಗೆ ಕೊಂಡ ವಿಸಿಆರ್‌ಗೆ "ಬಾವಲಿ 3" ಅನ್ನು ಹಾಗೆಯೇ ತುರುಕಿದೆ. ಹನ್ನೊಂದು ನಿಮಿಷ ಓಡಿತು. ಆಮೇಲೆ ಪರದೆ ಪೂರ್ತಿ ಹಿಮ. ಹೆಡ್ (ಟೇಪನ್ನು ಓದುವ ಭಾಗ) ಸ್ವಚ್ಛ ಮಾಡುವ ಕ್ಯಾಸೆಟ್ ಹಾಕಿದೆ, ಅದು ಬೂಷ್ಟನ್ನು ಇನ್ನಷ್ಟು ಚೆನ್ನಾಗಿ ಸವರಿತು. ಬುದ್ಧಿ ಬರದೆ ಅದೇ ಮೆಷಿನ್‌ಗೆ ಚೆನ್ನಾಗಿದ್ದ ಇನ್ನೊಂದು ಕ್ಯಾಸೆಟ್ ಹಾಕಿ ಅದಕ್ಕೂ ರೋಗ ಹಚ್ಚಿದೆ. ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ.

ಎರಡನೆಯದು ಬಿಸಿಲು. ಹಪ್ಪಳ ಒಣಗಿಸಿದಂತೆ ತಾರಸಿಯ ಮೇಲೆ ಇಟ್ಟೆ. ಏಪ್ರಿಲ್‌ನ ಮಧ್ಯಾಹ್ನಕ್ಕೆ ಪ್ಲಾಸ್ಟಿಕ್ ಚಿಪ್ಪು ಸೊಟ್ಟಗಾಯಿತು, ಬೂಷ್ಟು ಮಾತ್ರ ಇದ್ದಲ್ಲೇ ಇತ್ತು. ಟೇಪು ಉಳಿದದ್ದು ಪುಣ್ಯ. ಖಾಲಿ ಕ್ಯಾಸೆಟ್ಟಿನ ಚಿಪ್ಪಿಗೆ ವರ್ಗಾಯಿಸಿದೆ. ಮೂರನೆಯದು ಆಲ್ಕೋಹಾಲ್. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಪೂರ್ತಿ ಆರುವ ಮೊದಲೇ ಸುತ್ತಿದೆ. ಮರುದಿನ ಎರಡನೇ ವಿಸಿಆರ್‌ನ (3200 ರೂಪಾಯಿ) ಡ್ರಮ್‌ಗೆ, ಅಂದರೆ ಹೆಡ್‌ಗಳನ್ನು ಹೊತ್ತು ತಿರುಗುವ ಉರುಳೆಗೆ, ಟೇಪು ಅಂಟಿಕೊಂಡಿತು. ಬಿಡಿಸುವಾಗ ಹೋದದ್ದು ಒಂದು ಅಡಿ ಟೇಪು ಮತ್ತು ಒಂದು ಹೆಡ್.

ಆಗಲೇ ರಿವೈಂಡರ್, ಟೇಪನ್ನು ಹಿಂದಕ್ಕೆ ಸುತ್ತಲೆಂದೇ ಇದ್ದ ಯಂತ್ರ, ನೆನಪಾಯಿತು. ವಿಡಿಯೊ ಲೈಬ್ರರಿಗಳಲ್ಲಿ ಇರುತ್ತಿದ್ದ, ಕೆಂಪು ಕಾರಿನ ಆಕಾರದ್ದು. ಗುಜರಿಯಲ್ಲಿ 250ಕ್ಕೆ ಸಿಕ್ಕಿತು. ಅದರೊಳಗೆ ಹೆಡ್ ಇಲ್ಲ, ಡ್ರಮ್ ಇಲ್ಲ. ಟೇಪು ಚಿಪ್ಪಿನ ಒಳಗೇ ಒಂದು ಸುರುಳಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಹಾಳಾಗಲು ಅಲ್ಲಿ ಏನೂ ಇಲ್ಲವೆಂಬುದೇ ಅದರ ಗುಣ. ಮೇಲಿನ ಮುಚ್ಚಳ ಕೊಯ್ದೆ, ಕ್ಯಾಸೆಟ್ಟಿನ ಮುಂಬಾಗಿಲು ಎತ್ತಿ ನಿಲ್ಲಿಸಿದೆ, ಟೇಪಿನ ಎರಡೂ ಬದಿಗೆ ಬಟ್ಟೆಯ ತುಂಡು ತಾಗುವ ಹಾಗೆ ಒಂದು ಚಿಮುಟ ಕೂರಿಸಿದೆ. 12 ವೋಲ್ಟ್‌ನ ಮೋಟಾರಿಗೆ 5 ವೋಲ್ಟ್ ಕೊಟ್ಟರೆ ಮೂರು ನಿಮಿಷದ ಕೆಲಸಕ್ಕೆ ಹದಿನೈದು ನಿಮಿಷ ಹಿಡಿಯುತ್ತದೆ. ಆ ನಿಧಾನವೇ ಬೇಕಾದದ್ದು. "ಎಳೆದು ಹರಿಯುತ್ತದೆ" ಎಂದರು ಎಲ್ಲರೂ. ಪೂರ್ಣ ವೇಗದಲ್ಲಿ ನಿಜವಾಗಿಯೂ ಹರಿಯುತ್ತದೆ, ಅದರ ಕಥೆ ಮುಂದೆ ಇದೆ.

ಆದರೆ ಒರೆಸುವ ಮೊದಲು ಒಣಗಿಸಬೇಕು. ಹಸಿ ಬೂಷ್ಟು ಬಳಿದುಕೊಳ್ಳುತ್ತದೆ, ಒಣಗಿದ್ದು ಉದುರುತ್ತದೆ. ನನಗೆ ಇದು ಹೊಳೆಯಲು ಎರಡು ವಿಸಿಆರ್ ಬಲಿಯಾಗಬೇಕಾಯಿತು. ಅಮ್ಮನ ಹಳೆಯ ಅಕ್ಕಿ ಡಬ್ಬದಲ್ಲಿ ಒಂದೂವರೆ ಕಿಲೋ ಸಿಲಿಕಾ ಜೆಲ್ ಸುರಿದು, ಕ್ಯಾಸೆಟ್ಟುಗಳನ್ನು ನಿಲ್ಲಿಸಿ, ಮುಚ್ಚಳದ ಸುತ್ತ ಅಂಟುಪಟ್ಟಿ ಸುತ್ತಿ ಮೂರು ವಾರ ಮರೆತುಬಿಟ್ಟೆ. ನೀಲಿ ಹರಳು ಗುಲಾಬಿಯಾದಾಗ ತೆಗೆದು ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕುವುದು. ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಬಾರದು. ಮನೆಯಲ್ಲಿ ಇದನ್ನು ನಾನು ಹೇಳಬೇಕಾಗಲಿಲ್ಲ, ನನಗೇ ಹೇಳಲಾಯಿತು. ಒರೆಸುವ ಕೆಲಸ ಜಗುಲಿಯಲ್ಲಿ, ಎನ್-95 ಮುಖಗವಸು ಹಾಕಿಕೊಂಡು. ಒಂದು ದಿನ ಗವಸಿಲ್ಲದೆ ಮಾಡಿ ವಾರವಿಡೀ ಕೆಮ್ಮಿದ್ದೇನೆ.

ಒಂದು ಕ್ಯಾಸೆಟ್ಟಿಗೆ ನಾಲ್ಕು ಸುತ್ತು: ಮೂರು ಒಣ, ಒಂದು ಆಲ್ಕೋಹಾಲ್ ಬರೀ ಸೋಂಕಿದಷ್ಟು. ಪ್ರತಿ ಸುತ್ತಿಗೆ ಹೊಸ ಬಟ್ಟೆ. ಯಾವ ಬಟ್ಟೆ ಎಂದು ಕೇಳಬೇಡಿ. ಏಳು ಬಗೆ ಪರೀಕ್ಷಿಸಿ ನೂಲು ಬಿಡದ ಒಂದನ್ನು ಕಂಡುಕೊಂಡಿದ್ದೇನೆ. ಬನಿಯನ್ ಬಟ್ಟೆಯೂ ಅಲ್ಲ, ಕನ್ನಡಕ ಒರೆಸುವುದೂ ಅಲ್ಲ. ಚಿಮುಟದ ಒತ್ತಡ ಹೊಂದಿಸುವ ಬಗೆಯೂ ನನ್ನಲ್ಲೇ ಇರಲಿ.

ಕ್ಯಾಪ್ಚರ್‌ನ, ಅಂದರೆ ಟೇಪನ್ನು ಕಂಪ್ಯೂಟರಿಗೆ ಇಳಿಸುವ, ಕಡೆ ಬೇಗ ಹೇಳಿ ಮುಗಿಸುತ್ತೇನೆ. ಮೊದಲು ಕೊಂಡ ಏಳುನೂರು ರೂಪಾಯಿಯ ಯುಎಸ್‌ಬಿ ಕಡ್ಡಿಯಲ್ಲಿ ಗಂಟೆಗೆ ಎರಡು ಸೆಕೆಂಡ್ ಧ್ವನಿ ಜಾರುತ್ತಿತ್ತು. ಅದನ್ನು ಎಸೆದೆ. ಹೊರದೇಶದಿಂದ ಎಸ್-ವಿಎಚ್‌ಎಸ್ ಮೆಷಿನ್ (ಮಾಮೂಲಿ ವಿಎಚ್‌ಎಸ್ ಕ್ಯಾಸೆಟ್ಟನ್ನೂ ಓಡಿಸುವ ಮೇಲ್ದರ್ಜೆಯ ವಿಸಿಆರ್) ತರಿಸಿದೆ: 14 ಸಾವಿರ, ಮೇಲೆ ಸುಂಕ ಐದು ಸಾವಿರದ ಹತ್ತಿರ. ನಡುವೆ ಗೆರೆಗಳನ್ನು ನೆಟ್ಟಗೆ ಮಾಡಲು ಹಳೆಯ ಪ್ಯಾನಸೋನಿಕ್ ಇಎಸ್-10 ಡಿವಿಡಿ ರೆಕಾರ್ಡರ್, ಆರು ಸಾವಿರ. ಬಾವಿಕಟ್ಟೆಯಂತೆ ಬಾಗುತ್ತಿದ್ದ ಬ್ಯಾಟ್‌ಮ್ಯಾನ್‌ನ ಊರು ಗೋಥಮ್‌ನ ಕಟ್ಟಡಗಳು ಅದು ಬಂದ ದಿನ ನೆಟ್ಟಗೆ ನಿಂತವು. 720×576 ಬಿಂದುಗಳ ಚಿತ್ರ, ಏನೂ ಕಳೆಯದೆ ಕುಗ್ಗಿಸುವ ಹಫ್‌ವೈಯುವಿ ರೂಪ, ಗಂಟೆಗೆ ಸುಮಾರು 30 ಜಿಬಿ. ಡಿಸ್ಕಿಗೆ ಎಂಟೂವರೆ ಸಾವಿರ. ಚಿಲ್ಲರೆಯೆಲ್ಲ ಸೇರಿ ನಲವತ್ತು ಸಾವಿರ ದಾಟಿತು. ಬ್ಲೂ-ರೇ ಪೆಟ್ಟಿಗೆಗೆ ಆರು ಸಾವಿರ ಚಿಲ್ಲರೆ ಕೊಟ್ಟಿದ್ದೆ ಎಂಬುದನ್ನು ಭಾವ ಪ್ರತಿ ಹಬ್ಬಕ್ಕೂ ನೆನಪಿಸುತ್ತಾನೆ.

ಫಲ ಕೊಟ್ಟ ಎರಡನೇ ಉಪಾಯ ಮೀಡಿಯನ್. ಒಂದೇ ಕ್ಯಾಸೆಟ್ಟನ್ನು ಮಾಮೂಲಿ ವೇಗದ ಎಸ್‌ಪಿಯಾದರೆ ಮೂರು, ಎಲ್‌ಪಿಯಾದರೆ ಐದು ಬಾರಿ ಕ್ಯಾಪ್ಚರ್ ಮಾಡಿ, ಫ್ರೇಮಿಗೆ ಫ್ರೇಮ್ ಹೊಂದಿಸಿ, ಪ್ರತಿ ಬಿಂದುವಿಗೂ ನಡುವಿನ ಬೆಲೆ ಆರಿಸುವುದು. ಒಂದು ಓಟದಲ್ಲಿ ಮಿಂಚಿದ ಬಿಳಿ ಗೆರೆ ಇನ್ನೊಂದರಲ್ಲಿ ಇರುವುದಿಲ್ಲ, ಹಾಗಾಗಿ ಮಾಯ. "ಐದು ಸಲ ಓಡಿಸಿದರೆ ಟೇಪೇ ಸವೆದು ಹೋಗುತ್ತದೆ" ಎಂದವರಿಗೆ ಮೊದಲ ಓಟವನ್ನೂ ಐದನೆಯದನ್ನೂ ಪಕ್ಕಪಕ್ಕ ತೋರಿಸಿದೆ; ಯಾವುದು ಯಾವುದೆಂದು ಗುರುತಿಸಲು ಒಬ್ಬರಿಂದಲೂ ಆಗಲಿಲ್ಲ. ಆದರೆ ಕಾಂತದ ಲೇಪವೇ ಕಿತ್ತುಹೋದಲ್ಲಿ ಐದು ಓಟದಲ್ಲೂ ಅದೇ ತೂತು. ಅಂಥ ಕಡೆ ಡಿವಿಡಿಯ ಚಿತ್ರ ತಂದು ತೇಪೆ ಹಾಕಿ ನೋಡಿದೆ. ಹಳೇ ಪಂಚೆಗೆ ರೇಷ್ಮೆ ತೇಪೆ. ಕಿತ್ತುಹಾಕಿ ತೂತುಗಳನ್ನು ತೂತಾಗಿಯೇ ಬಿಟ್ಟೆ.

ಈ ಸರಣಿ ವಿಎಚ್‌ಎಸ್‌ಗೆ ಹೇಳಿ ಮಾಡಿಸಿದ ಶತ್ರು. ಎರಿಕ್ ರಡೋಮ್‌ಸ್ಕಿ ಮತ್ತು ಬ್ರೂಸ್ ಟಿಮ್ 1992ರಲ್ಲಿ ಇದನ್ನು ತಂದಾಗ ಹಿನ್ನೆಲೆಗಳನ್ನು ಬಿಡಿಸಿದ್ದು ಕಪ್ಪು ಕಾಗದದ ಮೇಲೆ. ಬಿಳಿಯಿಂದ ಕತ್ತಲೆಗೆ ಹೋಗದೆ, ಕತ್ತಲೆಯೊಳಗಿಂದ ಬೆಳಕನ್ನು ಮೇಲೆತ್ತಿದ್ದಾರೆ. ವಿಎಚ್‌ಎಸ್‌ನ ಚಿತ್ರದ ಎಲ್ಲ ಗದ್ದಲವೂ, ಮಿನುಗುವ ಕಾಳುಗಳೂ, ಕಾಣುವುದು ಕತ್ತಲೆಯಲ್ಲೇ. ಮೇಲಿಂದ ಆ ಕೆಂಪು ಆಕಾಶ. ಕೆಂಪನ್ನು ಟೇಪು ಎಂದೂ ಗೆರೆಯೊಳಗೆ ಹಿಡಿದಿಟ್ಟುಕೊಂಡಿಲ್ಲ. ಬ್ಲೂ-ರೇಯಲ್ಲಿ ಅದೇ ಆಕಾಶದಲ್ಲಿ ಬಣ್ಣದ ಪದರಗಳೂ ಕುಂಚದ ಸಿಂಪಡಿಕೆಯೂ ಕಾಣುತ್ತವೆ. ಅಲ್ಲಿ ಬ್ಲೂ-ರೇ ಗೆದ್ದಿದೆ, ವಾದವಿಲ್ಲ.

ಡಿವಿಡಿ 2004ರಿಂದ 2005ರೊಳಗೆ ನಾಲ್ಕು ಪೆಟ್ಟಿಗೆಯಲ್ಲಿ ಬಂದದ್ದು: 28, 28, 29 ಕಂತು, ನಾಲ್ಕನೆಯದರಲ್ಲಿ ಮುಂದುವರಿದ ಸರಣಿಯ 24. 2018ರ ಬ್ಲೂ-ರೇ ಪೆಟ್ಟಿಗೆಯಲ್ಲಿ ಈ 109 ಒಟ್ಟಿಗಿವೆ, ಚಿತ್ರದ ಅಳತೆ ಹಳೆಯ 4:3ರಲ್ಲೇ ಇದೆ. ಮೇಲೂ ಕೆಳಗೂ ಕತ್ತರಿಸಿ ಅಗಲ ಪರದೆಗೆ ಎಳೆಯದೆ ಬಿಟ್ಟದ್ದಕ್ಕೆ ನನ್ನ ನಮಸ್ಕಾರ. 800 ರೂಪಾಯಿಗೆ ತಂದ 21 ಇಂಚಿನ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಟೇಪು, ಡಿವಿಡಿ, ಬ್ಲೂ-ರೇ ಮೂರನ್ನೂ ಒಂದರ ಹಿಂದೊಂದು ಹಾಕಿ ನೋಡಿದೆ. ಅಲ್ಲಿ ಡಿವಿಡಿಗೂ ಬ್ಲೂ-ರೇಗೂ ಇರುವ ಅಂತರ ನನ್ನ ಕಣ್ಣಿಗೆ ಹತ್ತಲೇ ಇಲ್ಲ. ದೊಡ್ಡ ಪರದೆಯಲ್ಲಿ ಡಿವಿಡಿಯ ಕಪ್ಪು ಚೌಕಚೌಕವಾಗಿ ಒಡೆಯುತ್ತದೆ.

ಇನ್ನೊಂದು ಅಡ್ಡದಾರಿ. ನನ್ನ ಟೇಪು ಸೆಕೆಂಡಿಗೆ 25 ಫ್ರೇಮಿನದು, ಮೂಲ ಫಿಲ್ಮು 24ರದ್ದು. ವೇಗ ಹೆಚ್ಚಿಸಿ ಪ್ರಸಾರ ಮಾಡಿದ್ದರೆ 22 ನಿಮಿಷದ ಕಂತು 53 ಸೆಕೆಂಡ್ ಮೊದಲೇ ಮುಗಿಯಬೇಕು, ಬ್ಯಾಟ್‌ಮ್ಯಾನ್‌ಗೆ ಧ್ವನಿ ಕೊಟ್ಟ ಕೆವಿನ್ ಕಾನ್‌ರಾಯ್‌ನ ಗಂಟಲೂ ಅಷ್ಟು ಏರಬೇಕು. ಅಳೆದೆ: ಡಿಸ್ಕಿಗೂ ಟೇಪಿಗೂ ಒಂದು ಸೆಕೆಂಡಿನ ವ್ಯತ್ಯಾಸವಿಲ್ಲ. ಹಾಗಾದರೆ ಸೆಕೆಂಡಿಗೆ 60 ಫೀಲ್ಡಿನ (ಅರ್ಧ ಫ್ರೇಮಿನ) ಅಮೆರಿಕದ ವಿಡಿಯೊವನ್ನೇ 50 ಫೀಲ್ಡಿಗೆ ಇಳಿಸಿ ಕಳಿಸಿದ್ದಾರೆ. ಬ್ಯಾಟ್‌ಮ್ಯಾನ್ ಬೆನ್ನಿನ ಹೊದಿಕೆ (ಕೇಪು) ಬೀಸಿದಾಗ ಎರಡೆರಡು ಕೇಪು ಮಸುಕಾಗಿ ಕಾಣುವುದು ಅದಕ್ಕೇ. ಒಂದು ಕಂತಿಗೆ ಒಂದು ವಾರ ಹೆಣಗಿದೆ. ಆ ಬೆರಕೆಯನ್ನು ಬಿಡಿಸಲು ನನ್ನಿಂದ ಆಗಲಿಲ್ಲ. ಒಂದು ಲಾಭವಾಯಿತು: ಉದ್ದ ಒಂದೇ ಆದ್ದರಿಂದ ಡಿಸ್ಕಿನ ಧ್ವನಿ ಟೇಪಿನ ಚಿತ್ರದ ಮೇಲೆ ಹಾಗೆಯೇ ಕೂರುತ್ತದೆ. ಪ್ರತಿ ಕಂತಿಗೂ ಬೇರೆಯದೇ ವಾದ್ಯವೃಂದದ ಸಂಗೀತ ಕಟ್ಟಿದ ಶರ್ಲಿ ವಾಕರ್ ತಂಡದ ಕೆಲಸ ಎಲ್‌ಪಿ ಟೇಪಿನಲ್ಲಿ ಕಂಬಳಿ ಹೊದ್ದು ಹಾಡಿದ ಹಾಗಿದೆ. ಡಿಸ್ಕಿನ ಧ್ವನಿ ಜೋಡಿಸಿ ಎರಡು ಕಂತು ಕೇಳಿದೆ. ಪಿಟೀಲೆಲ್ಲ ಸ್ಪಷ್ಟ. ಮೂರನೆಯದಕ್ಕೆ ಕಂಬಳಿಯನ್ನೇ ಹೊದಿಸಿದೆ.

ಟೇಪಿನಿಂದ ಮತ್ತೆ ನೋಡಿದಾಗ ಕಂತುಗಳ ಏರುಪೇರು ಎದ್ದು ಕಾಣುತ್ತದೆ. ಚಲನೆಯ ಕೆಲಸ ಜಪಾನ್, ಕೊರಿಯಾದ ಹಲವು ಸ್ಟುಡಿಯೊಗಳಲ್ಲಿ ಹಂಚಿಹೋಗಿತ್ತು. ಟೋಕಿಯೊ ಮೂವಿ ಶಿನ್ಶಾ ಮುಟ್ಟಿದ ಕಂತು, ಉದಾಹರಣೆಗೆ ಫೀಟ್ ಆಫ್ ಕ್ಲೇಯ ಎರಡನೇ ಭಾಗ, ಬೂಷ್ಟಿನ ಕೆಳಗೂ ಗೊತ್ತಾಗುತ್ತದೆ: ಜೇಡಿಮಣ್ಣಿನ ಮೈಯ ಖಳ ಕ್ಲೇಫೇಸ್ ಕರಗುವಾಗ ತೂಕವಿದೆ. ಹಾರ್ಟ್ ಆಫ್ ಐಸ್ "ಬಾವಲಿ 2"ರಲ್ಲಿದೆ, ಅರ್ಧಕ್ಕೆ ಕರೆಂಟು ಹೋಗಿದೆ. ಹೆಂಡತಿಯನ್ನು ಕಳೆದುಕೊಂಡ ಖಳ ಮಿಸ್ಟರ್ ಫ್ರೀಜ್‌ನ ಮಾತು ನಡುವೆ ಕಡಿದು, ಮುಂದೆ ಕ್ರಿಕೆಟ್. ಅದರ ಕೊನೆ ಏನೆಂದು ಡಿವಿಡಿ ಬರುವ ತನಕ ನನಗೆ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ಕೆಟ್ಟು ಹೋಗಿದ್ದದ್ದು "ಬಾವಲಿ 5". ಡಬ್ಬದಲ್ಲಿ ಆರು ವಾರ, ರಿವೈಂಡರ್‌ನಲ್ಲಿ ಒಂಬತ್ತು ಸುತ್ತು. ಅದರಲ್ಲಿ ಬಿವೇರ್ ದಿ ಗ್ರೇ ಘೋಸ್ಟ್ ಇದೆ. ನೋಡಿದವರಿಗೆ ನೆನಪಿರಬಹುದು: ಬ್ರೂಸ್ ವೇಯ್ನ್ (ಮುಖವಾಡದ ಹಿಂದಿನ ಬ್ಯಾಟ್‌ಮ್ಯಾನ್) ಬಾಲ್ಯದಲ್ಲಿ ಅಪ್ಪನ ಜೊತೆ ನೋಡುತ್ತಿದ್ದ ಒಂದು ಟಿವಿ ಸರಣಿ, ಅದರ ಬಡವಾದ ಹಳೆಯ ನಟ, ಅವನ ಬಳಿ ಮಾತ್ರ ಉಳಿದ ಫಿಲ್ಮಿನ ಸುರುಳಿ, ಕೊನೆಯಲ್ಲಿ ಆ ಸರಣಿ ವಿಡಿಯೊ ಆಗಿ ಅಂಗಡಿಗೆ ಬರುತ್ತದೆ. ನಟನ ಧ್ವನಿ ಆಡಮ್ ವೆಸ್ಟ್‌ದು, ಅರವತ್ತರ ದಶಕದ ಟಿವಿ ಬ್ಯಾಟ್‌ಮ್ಯಾನ್. ನನ್ನ ಟೇಪಿನಲ್ಲಿ ಆ ಸುರುಳಿ ತಿರುಗುವ ದೃಶ್ಯದ ಕೆಳಗೆ ನಮ್ಮೂರ ಕೇಬಲ್‌ನವನ ಕನ್ನಡ ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತವೆ: ಈ ತಿಂಗಳ ಬಾಡಿಗೆಯನ್ನು ಹತ್ತನೇ ತಾರೀಕಿನೊಳಗೆ ಕೊಟ್ಟು ಸಹಕರಿಸಬೇಕು. ಮೀಡಿಯನ್ ಆದ ಮೇಲೆ ಅಕ್ಷರಗಳ ಒಂದು ಕೊಂಬೂ ಮುರಿದಿಲ್ಲ. ಭಾವನನ್ನು ಕರೆದು ಇದನ್ನೇ ತೋರಿಸಿದೆ. ಯಾವ ಬ್ಲೂ-ರೇಯಲ್ಲಿದೆ ಇದು ಎಂದು ಕೇಳಿದೆ. ಅವನು ನಗಲಿಲ್ಲ, ಎರಡನೇ ಸಲ ಹಾಕು ಎಂದ.

"ಬಾವಲಿ 6" ಉಳಿದಿದೆ. ಐದು ಸರಿಹೋದ ಅಮಲಿನಲ್ಲಿ ಅದನ್ನು 12 ವೋಲ್ಟ್‌ಗೇ ಹಾಕಿಬಿಟ್ಟೆ, ಇಪ್ಪತ್ತು ಸೆಕೆಂಡಿನಲ್ಲಿ ಪಟ್ ಎಂದಿತು. ತುದಿಗಳೆರಡೂ ಸಿಕ್ಕಿವೆ, ಅಂಟಿಸಬಹುದು. ಸದ್ಯಕ್ಕೆ ಅಕ್ಕಿ ಡಬ್ಬದಲ್ಲಿದೆ. ಹರಳು ಇನ್ನೂ ನೀಲಿಯೇ ಇದೆ. ಮಳೆ ಬಿಡಲಿ.